ಕ್ಯಾಂಪಿನ ಜನ, ಮ್ಯೂಸಿಯಂ ಬಾಗಿಲು

ನಿರಾಶ್ರಿತರನ್ನು ಮ್ಯೂಸಿಯಂ ಹೇಗೆ ಬರಮಾಡಿಕೊಳ್ಳಬೇಕು ಅನ್ನೋದು ಇಲ್ಲಿನ ವಿಷಯ. ರಾಯಚೂರು ಜಿಲ್ಲೆಯ ಸಿಂಧನೂರು ಕಡೆ, ಹೊರಗಿನಿಂದ ಬಂದು ನೆಲೆಸಿದವರ ಊರಿಗೆ ‘ಕ್ಯಾಂಪ್’ ಅಂತಾರೆ. ಆದರೆ ನಿರಾಶ್ರಿತರ ಬಗ್ಗೆ ಓದುವಾಗ ಅದೇ ಪದ ನನ್ನ ದಾರಿ ತಪ್ಪಿಸಿತು. ಮೊದಲು ಅದನ್ನೇ ಬಿಡಿಸಿಕೊಳ್ಳೋಣ.

ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಜಮೀನು ಕೊಂಡು ಭತ್ತ ಬೆಳೆದವರು ವಲಸಿಗರು. ಅದೇ ಡ್ಯಾಮಿನ ಹಿನ್ನೀರಿಗೆ ಊರು ಕೊಟ್ಟವರು ಮುಳುಗಡೆ ಸಂತ್ರಸ್ತರು. ಅವರ ಮನೆ ಹೋಯಿತು, ದೇಶ ಬದಲಾಗಲಿಲ್ಲ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ನಿರಾಶ್ರಿತರು. ಗಡಿ ದಾಟದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಇನ್ನು ‘ಆಶ್ರಯ ಕೋರಿದವರು’ ಅಂದರೆ ಬೇರೆ ದೇಶಕ್ಕೆ ಬಂದು, ರಕ್ಷಣೆ ಕೊಡಿ ಅಂತ ಅರ್ಜಿ ಹಾಕಿ, ತೀರ್ಮಾನಕ್ಕೆ ಕಾಯುತ್ತಿರುವವರು. ಈ ಕೊನೆಯ ಎರಡನ್ನು ಕಲಸಿ ಬರೆಯೋರೇ ಜಾಸ್ತಿ.

ಈಗ ಮ್ಯೂಸಿಯಂ ವಿಷಯ. ನಿರಾಶ್ರಿತರು ಒಳಗೆ ಬರಲು ಟಿಕೆಟ್ ಫ್ರೀ ಮಾಡಿದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಬರ್ಲಿನ್ನಿನ ಉದಾಹರಣೆ ಓದಿದ ಮೇಲೆ ಆ ಮಾತು ಬಿಟ್ಟೆ. ಅಲ್ಲಿ 2015ರ ಕೊನೆಯಲ್ಲಿ ನಾಲ್ಕು ಮ್ಯೂಸಿಯಂಗಳು ಸೇರಿ ‘ಮುಲ್ತಕಾ’ ಶುರು ಮಾಡಿದವು. ಅರಬ್ಬಿಯಲ್ಲಿ ಹಾಗಂದರೆ ಸೇರುವ ಜಾಗ. ಸಿರಿಯಾ, ಇರಾಕಿನಿಂದ ಬಂದ ನಿರಾಶ್ರಿತರಿಗೇ ತರಬೇತಿ ಕೊಟ್ಟು ಗೈಡ್ ಮಾಡಿದರು. ಅವರು ತಮ್ಮವರಿಗೆ ಅರಬ್ಬಿಯಲ್ಲೇ ವಿವರಿಸಿದರು.

ಆ ಮ್ಯೂಸಿಯಂಗಳ ಸಂಗ್ರಹದಲ್ಲಿ ಏನಿದೆ ನೋಡಿ. ಇರಾಕಿನ ಬ್ಯಾಬಿಲೋನಿನಿಂದ ಬಂದ ಇಷ್ತಾರ್ ಬಾಗಿಲು. ಸಿರಿಯಾದ ಅಲೆಪ್ಪೊ ಊರಿನ ವ್ಯಾಪಾರಿಯೊಬ್ಬನ ಮನೆಯ, ನಾನ್ನೂರು ವರ್ಷ ಹಳೆಯ ಬಣ್ಣದ ಮರದ ಗೋಡೆಗಳು. ಯುದ್ಧದಲ್ಲಿ ಅಲೆಪ್ಪೊ ಬಿಟ್ಟು ಬಂದವನು ಆ ಗೋಡೆ ಮುಂದೆ ನಿಂತರೆ ಅವನು ಅತಿಥಿಯೋ, ಮನೆಯವನೋ? ನಾಲ್ಕರಲ್ಲಿ ಒಂದಾದ ಇತಿಹಾಸ ಮ್ಯೂಸಿಯಂನಲ್ಲಿ ಜರ್ಮನಿಯೇ ಯುದ್ಧದಲ್ಲಿ ಹಾಳಾಗಿ ಮತ್ತೆ ಎದ್ದ ಕಥೆ ಇತ್ತು. ಅದನ್ನೂ ಬೇಕಂತಲೇ ಸೇರಿಸಿಕೊಂಡರು. ಅಮೆರಿಕದ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂ 2018ರಲ್ಲಿ ಇಂಥದ್ದೇ ಕೆಲಸ ಶುರು ಮಾಡಿತು.

ನಮ್ಮಲ್ಲಿ? ರಾಯಚೂರು ಕೋಟೆಯ ನವರಂಗ ದರ್ವಾಜದಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ಅಲ್ಲಿನ ಶಿಲ್ಪಗಳಿಗೂ ಕ್ಯಾಂಪಿನ ಅಜ್ಜಿಗೂ ಏನು ಸಂಬಂಧ ಅಂತ ಕೇಳಬಹುದು. ನನಗೆ ಹೊಳೆದದ್ದು ಕೌದಿ. ನಮ್ಮ ಅವ್ವಂದಿರು ಹಳೆ ಸೀರೆ, ಬಟ್ಟೆ ತುಂಡು ಜೋಡಿಸಿ ಹೊಲಿಯುತ್ತಾರಲ್ಲ, ಅದೇ. ಬಂಗಾಳದವರಲ್ಲೂ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಸಾಲು ಹೊಲಿಗೆ ಹಾಕುವ ರೂಢಿ ಇದೆ. ಅದಕ್ಕೆ ಕಾಂಥಾ ಅಂತಾರೆ. ಎರಡನ್ನೂ ಪಕ್ಕಪಕ್ಕ ಹಾಸಿ, ಇಬ್ಬರು ಅಜ್ಜಿಯರನ್ನು ಕೂರಿಸಿದರೆ ಗೈಡ್ ಸುಮ್ನೆ ನಿಂತರೂ ನಡೆದೀತು.

ತಪ್ಪುವುದು ಎಲ್ಲಿ ಅಂದರೆ, ‘ನಿಮ್ಮ ಕಷ್ಟ ಹೇಳಿ’ ಅನ್ನುವಲ್ಲಿ. ಹೊಲಿಗೆ ಬಗ್ಗೆ ಕೇಳಿ. ಕಷ್ಟದ ಕಥೆ ಹೇಳೋದು ಬಿಡೋದು ಅವರಿಗೆ ಬಿಟ್ಟದ್ದು. ಅರ್ಜಿ ಹಾಕಿ ಕಾಯುತ್ತಿರುವವರ ಫೋಟೊವನ್ನಂತೂ ಕೇಳದೆ ಎಲ್ಲೂ ಹಾಕಬಾರದು. ಅವರ ಮನೆಯವರು ಇನ್ನೂ ಬಿಟ್ಟು ಬಂದ ದೇಶದಲ್ಲೇ ಇರಬಹುದು, ಅಲ್ವಾ? ಗೇಟಿನಲ್ಲಿ ಯೂನಿಫಾರ್ಮ್ ಹಾಕಿದವರು ‘ಐಡಿ ತೋರ್ಸಿ’ ಅಂದರೆ ಅರ್ಧ ಜನ ಅಲ್ಲಿಂದಲೇ ತಿರುಗುತ್ತಾರೆ.

ಇನ್ನೊಂದು ಲೆಕ್ಕ ಇದೆ. ಸಿಂಧನೂರಿನಿಂದ ರಾಯಚೂರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಹಾಗಾಗಿ ಮ್ಯೂಸಿಯಮ್ಮೇ ಒಂದು ಟ್ರಂಕಿನಲ್ಲಿ ನಾಲ್ಕು ವಸ್ತು ತುಂಬಿಕೊಂಡು ಕ್ಯಾಂಪಿಗೆ ಬರಲಿ, ಅದೂ ಭತ್ತದ ನಾಟಿ ಮುಗಿದ ಮೇಲೆ.