ಗುರುತಿನ ಚೀಟಿಯಲ್ಲಿ ‘ಇಂಡಿಯೊ’: ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕಪ್ಪು ಬಣ್ಣವನ್ನು ಮರೆಸಿದ್ದು ಹೇಗೆ?

ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಗುರುತಿನ ಚೀಟಿಯ ಮೇಲೆ ಮೈಬಣ್ಣವನ್ನೂ ಬರೆಯುತ್ತಿದ್ದರು. ದಶಕಗಳ ಕಾಲ ಅಲ್ಲಿ ಅಸಂಖ್ಯ ಜನರ ಹೆಸರಿನ ಮುಂದೆ ಇದ್ದದ್ದು ‘ಇಂಡಿಯೊ’ ಅಂತ. ಅಂದರೆ ದ್ವೀಪದ ಮೂಲನಿವಾಸಿ. ತಿಳಿಬಣ್ಣದವರು ‘ಇಂಡಿಯೊ ಕ್ಲಾರೊ’, ಕಪ್ಪಗಿದ್ದವರು ‘ಇಂಡಿಯೊ ಓಸ್ಕುರೊ’. ಕರಿಯರು ಅನ್ನುವ ಹೆಸರನ್ನು ಅದೇ ದ್ವೀಪವನ್ನು ಹಂಚಿಕೊಂಡಿರುವ, ಗಡಿಯಾಚೆಯ ಹೈಟಿಯವರಿಗೆ ಬಿಟ್ಟುಕೊಟ್ಟಿದ್ದರು.

ಆದರೆ ಆ ಮೂಲನಿವಾಸಿಗಳು, ಟೈನೊ ಜನ, ಎಲ್ಲಿದ್ದರು? 1492ರಲ್ಲಿ ಕೊಲಂಬಸ್ ಬಂದಿಳಿದ ಕೆಲವೇ ದಶಕಗಳಲ್ಲಿ ರೋಗ, ಬಿಟ್ಟಿ ದುಡಿಮೆ ಮತ್ತು ಕ್ರೌರ್ಯಕ್ಕೆ ಸಿಕ್ಕಿ ಅವರಲ್ಲಿ ಬಹುಪಾಲು ಮಂದಿ ಸತ್ತುಹೋಗಿದ್ದರು. 2016ರಲ್ಲಿ ಹೊರಬಂದ ಡಿಎನ್ಎ ಅಧ್ಯಯನವೊಂದರ ಪ್ರಕಾರ ಡೊಮಿನಿಕನ್ನರ ಮೂಲದಲ್ಲಿ ಸರಾಸರಿ 49% ಆಫ್ರಿಕಾದ್ದು, 39% ಯುರೋಪಿನದು. ಮೂಲನಿವಾಸಿಗಳದ್ದು ಸುಮಾರು 4% ಮಾತ್ರ. ಮೈಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಮೂಲವೇ ಚೀಟಿಯಲ್ಲಿ ಕಾಣೆಯಾಗಿತ್ತು. ಜನ ಸುಮ್ನೆ ಮರೆತದ್ದಲ್ಲ ಇದು. ಅವರಿಗೆ ಮರೆಸಲಾಯಿತು.

ಅಮೆರಿಕ ಖಂಡಗಳಿಗೆ ಆಫ್ರಿಕಾದ ಗುಲಾಮರು ಮೊದಲು ಬಂದ ಜಾಗಗಳಲ್ಲಿ ಈ ದ್ವೀಪವೂ ಒಂದು. 1521ರ ಕೊನೆಯಲ್ಲಿ ಕೊಲಂಬಸ್‌ನ ಮಗ ಡಿಯೇಗೊನ ಕಬ್ಬಿನ ತೋಟದಲ್ಲಿ ಗುಲಾಮರು ದಂಗೆ ಎದ್ದರು. ದಾಖಲೆಗೆ ಸಿಕ್ಕಿರುವ ಇಂಥ ದಂಗೆಗಳಲ್ಲಿ ಇದು ತೀರಾ ಹಳೆಯದು. ಮುಂದೆ ಸ್ಪೇನಿನ ಪಾಲಿನ ಪೂರ್ವಭಾಗದಲ್ಲಿ, ಅಂದರೆ ಇಂದಿನ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ಸಕ್ಕರೆ ವ್ಯಾಪಾರ ಕುಸಿದು, ದನ ಸಾಕಣೆಯೇ ಮುಖ್ಯವಾಯಿತು. ಬಿಳಿಯರೂ ಬಡವರಾದರು. ಬಿಡುಗಡೆ ಪಡೆದ ಕರಿಯರು, ಮಿಶ್ರ ಸಂತತಿಯವರು ಹೆಚ್ಚಾದರು. ಪಶ್ಚಿಮಭಾಗ ಫ್ರೆಂಚರದ್ದು. ಅಲ್ಲಿ ಮಾತ್ರ ಸುಮಾರು 5 ಲಕ್ಷ ಗುಲಾಮರು ಕಬ್ಬು, ಕಾಫಿ ತೋಟಗಳಲ್ಲಿ ದುಡಿದು ಸಾಯುತ್ತಿದ್ದರು. 1791ರಲ್ಲಿ ಅವರು ತಿರುಗಿಬಿದ್ದರು. 1804ರಲ್ಲಿ ಹೈಟಿ ಎಂಬ ದೇಶವನ್ನೇ ಕಟ್ಟಿದರು.

1822ರಲ್ಲಿ ಹೈಟಿಯ ಅಧ್ಯಕ್ಷ ಬೊಯೆ ಪೂರ್ವಭಾಗವನ್ನೂ ವಶಕ್ಕೆ ತೆಗೆದುಕೊಂಡ. ಅಲ್ಲಿ ಗುಲಾಮಗಿರಿ ಕೊನೆಯಾದದ್ದು ಅವನ ಆಳ್ವಿಕೆಯಲ್ಲಿಯೇ. ಆದರೆ ಅವನ ತೆರಿಗೆ, ಸೈನ್ಯ, ಭೂಮಿ ಕಾನೂನುಗಳಿಂದ ಜನ ಬೇಸತ್ತಿದ್ದರು. 1844ರ ಫೆಬ್ರುವರಿ 27ರಂದು ಡೊಮಿನಿಕನ್ನರು ಸ್ವತಂತ್ರರಾದರು. ಲ್ಯಾಟಿನ್ ಅಮೆರಿಕದ ಹೆಚ್ಚಿನ ದೇಶಗಳು ಸ್ಪೇನಿನಿಂದ ಬಿಡಿಸಿಕೊಂಡ ದಿನವನ್ನು ಸ್ವಾತಂತ್ರ್ಯ ದಿನವಾಗಿ ಆಚರಿಸುತ್ತವೆ. ಇವರು ಹೈಟಿಯಿಂದ ಬಿಡಿಸಿಕೊಂಡ ದಿನವನ್ನು ಆಚರಿಸುತ್ತಾರೆ. ಗಂಟು ಬಿದ್ದದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ‘ನಾವು ಹೈಟಿಯವರಲ್ಲ’ ಎಂಬ ಮಾತು ನಿಧಾನವಾಗಿ ‘ನಾವು ಕರಿಯರಲ್ಲ’ ಅಂತ ಆಗತೊಡಗಿತು.

ಅದು ಒಂದೇ ದಿನದಲ್ಲಿ ಆಗಲಿಲ್ಲ. ಸ್ಪೇನ್ ಮತ್ತೆ ಬಂದು ಕೂತಾಗ, 1863ರಿಂದ 1865ರವರೆಗೆ ಹೋರಾಡಿ ಅದನ್ನು ಓಡಿಸಿದವರ ಮುಂದಾಳುಗಳಲ್ಲಿ ಗ್ರೆಗೋರಿಯೊ ಲುಪೆರೋನ್ ಎಂಬ ಕಪ್ಪು ಸೇನಾನಿ ಇದ್ದ. ಆ ಹೋರಾಟಕ್ಕೆ ಹೈಟಿಯ ನೆರವೂ ಇತ್ತು. ಆದರೂ ಓದಿದ ಮೇಲ್ವರ್ಗಕ್ಕೆ ಬೇರೆ ಪೂರ್ವಜರು ಬೇಕಾಗಿದ್ದರು. 1882ರಲ್ಲಿ ಮಾನ್ವೆಲ್ ಗಾಲ್ವಾನ್ ಬರೆದ ಕಾದಂಬರಿ ಸ್ಪೇನಿನ ವಿರುದ್ಧ ಬಂಡೆದ್ದ ಟೈನೊ ನಾಯಕ ಎನ್ರಿಕಿಯೊನನ್ನು ದೇಶದ ಮೂಲಪುರುಷನ ಎತ್ತರಕ್ಕೆ ಏರಿಸಿತು. ಗುಲಾಮರ ದಂಗೆಗೆ ಅಂಥ ಜಾಗ ಸಿಗಲಿಲ್ಲ.

ಇದನ್ನೆಲ್ಲ ಸರ್ಕಾರಿ ನೀತಿ ಮಾಡಿದವನು ರಫಾಯೆಲ್ ತ್ರುಹಿಯೊ. 1930ರಿಂದ 1961ರಲ್ಲಿ ಕೊಲೆಯಾಗುವವರೆಗೆ ದೇಶ ಅವನ ಮುಷ್ಟಿಯಲ್ಲಿತ್ತು. ಅವನ ತಾಯಿಯ ತಾಯಿ ಹೈಟಿ ಮೂಲದವಳು. ಅವನು ಬೆಳ್ಳಗೆ ಕಾಣಲು ಮುಖಕ್ಕೆ ಪೌಡರ್ ಬಳಿದುಕೊಳ್ಳುತ್ತಿದ್ದ. 1937ರ ಅಕ್ಟೋಬರ್‌ನಲ್ಲಿ ಗಡಿ ಭಾಗದಲ್ಲಿದ್ದ ಹೈಟಿಯವರನ್ನು ಕೊಲ್ಲಲು ಅವನೇ ಆದೇಶ ಕೊಟ್ಟ. ಸೈನಿಕರು ಹೆಚ್ಚಾಗಿ ಮಚ್ಚು ಬಳಸಿದರು. ಅನುಮಾನ ಬಂದವರಿಗೆ ಪೆರೆಹಿಲ್ ಎಂಬ ಸೊಪ್ಪಿನ ಹೆಸರು ಹೇಳಿಸಿ, ಸ್ಪ್ಯಾನಿಷ್ ‘ರ’ ಸರಿಯಾಗಿ ಹೊರಳದಿದ್ದರೆ ಕಡಿಯುತ್ತಿದ್ದರು ಎಂಬ ನೆನಪು ಉಳಿದುಬಂದಿದೆ. ಸತ್ತವರ ಲೆಕ್ಕ ಕೆಲವು ಸಾವಿರದಿಂದ 20 ಸಾವಿರ ದಾಟುವವರೆಗೂ ಇದೆ. ತಲೆಮಾರುಗಳಿಂದ ಅಕ್ಕಪಕ್ಕ ಬಾಳಿದ್ದ ಜನ ಇವರು. ಎರಡೂ ಕಡೆ ನೆಂಟಸ್ತಿಕೆ ಇತ್ತು. ಅದೇ ಹೊತ್ತಿಗೆ ಅಮೆರಿಕನ್ನರ ಸಕ್ಕರೆ ಕಂಪನಿಗಳ ತೋಟದಲ್ಲಿದ್ದ ಹೈಟಿ ಕೂಲಿಗಳನ್ನು ಬಹುತೇಕ ಮುಟ್ಟಲಿಲ್ಲ. ಕಬ್ಬು ಕಡಿಯಲು ಅವರು ಬೇಕಿತ್ತು!

ಮರುವರ್ಷ, 1938ರಲ್ಲಿ ನಿರಾಶ್ರಿತರ ಕುರಿತು ಫ್ರಾನ್ಸ್‌ನ ಎವಿಯಾನ್‌ನಲ್ಲಿ ನಡೆದ ಸಮ್ಮೇಳನದಲ್ಲಿ, ಹಿಟ್ಲರನಿಂದ ತಪ್ಪಿಸಿಕೊಂಡು ಬರುತ್ತಿದ್ದ 1 ಲಕ್ಷ ಯಹೂದಿಗಳವರೆಗೂ ಜಾಗ ಕೊಡುತ್ತೇವೆ ಎಂದು ಇದೇ ಸರ್ಕಾರ ಹೇಳಿತು. ಕೊನೆಗೆ ಸೊಸುವಾ ಎಂಬ ಊರಿಗೆ ಬಂದವರು ನೂರರ ಲೆಕ್ಕದಲ್ಲಿ ಮಾತ್ರ. ಆ ಜೀವಗಳು ಉಳಿದದ್ದು ದೊಡ್ಡದೇ. ಆದರೆ ಹತ್ಯಾಕಾಂಡದ ಕಳಂಕ ತೊಳೆಯುವುದು, ದೇಶದಲ್ಲಿ ಬಿಳಿಯರನ್ನು ಹೆಚ್ಚಿಸುವುದು ಎರಡೂ ತ್ರುಹಿಯೊನ ಲೆಕ್ಕದಲ್ಲಿತ್ತು.

ಸರ್ವಾಧಿಕಾರಿ ಹೋದರೂ ಈ ಪಾಠ ಹೋಗಲಿಲ್ಲ. ಹೈಟಿ ಮೂಲದ ಕಪ್ಪು ನಾಯಕ ಹೋಸೆ ಫ್ರಾನ್ಸಿಸ್ಕೊ ಪೆನ್ಯಾ ಗೋಮೆಸ್ 1996ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದಿದ್ದರು. ಗೆದ್ದರೆ ದೇಶವನ್ನು ಹೈಟಿಗೆ ಒಪ್ಪಿಸುತ್ತಾರೆ ಎಂದು ಅಪಪ್ರಚಾರ ನಡೆಯಿತು. ತ್ರುಹಿಯೊನ ಹಳೆಯ ಸಹಚರ ಬಲಗೇರ್, ಪೆನ್ಯಾ ಗೋಮೆಸ್‌ರ ಎದುರಾಳಿಯ ಪರ ನಿಂತ. ಎರಡನೇ ಸುತ್ತಿನಲ್ಲಿ ಪೆನ್ಯಾ ಗೋಮೆಸ್ ಸೋತರು. ಈಗ ರಾಜಧಾನಿಯ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರಿದೆ.

ಮನೆಯೊಳಗೆ ಈ ಪಾಠ ತಲೆಗೂದಲಿನಿಂದ ಶುರುವಾಗುತ್ತದೆ. ಗುಂಗುರು ಕೂದಲಿಗೆ ‘ಪೆಲೊ ಮಾಲೊ’, ಅಂದರೆ ಕೆಟ್ಟ ಕೂದಲು ಅನ್ನುತ್ತಾರೆ. ಪುಟ್ಟ ಹುಡುಗಿಯರನ್ನೂ ಪಾರ್ಲರ್‌ನಲ್ಲಿ ಕೂರಿಸಿ, ರೋಲರ್ ಸುತ್ತಿ, ಬಿಸಿಗಾಳಿ ಹಿಡಿದು ಕೂದಲು ನೇರ ಮಾಡಿಸುವುದು ಅಲ್ಲಿ ಮಾಮೂಲಿ. ಮಗುವಿಗೆ ತನ್ನ ತಲೆಯೇ ತಪ್ಪು ಅಂತ ಕಲಿಸುವುದಕ್ಕಿಂತ ಕ್ರೂರವಾದದ್ದು ಏನಿದೆ, ಹೇಳಿ? ಈಗೀಗ ರಾಜಧಾನಿ ಸಾಂತೊ ದೊಮಿಂಗೊದಲ್ಲೇ ಗುಂಗುರು ಕೂದಲನ್ನು ಹಾಗೇ ಚೆಂದವಾಗಿ ಬಿಡಿಸಿಕೊಡುವ ಪಾರ್ಲರ್‌ಗಳಿವೆ. ಹೆಣ್ಣುಮಕ್ಕಳೇ ಮುಂದೆ ನಿಂತು ತಂದ ಬದಲಾವಣೆ ಇದು.

ಅದಕ್ಕೆ ಒಂದಿಷ್ಟು ಬಲ ಬಂದದ್ದು ನ್ಯೂಯಾರ್ಕ್‌ನಿಂದ. ಆ ನಗರದ ವಾಷಿಂಗ್ಟನ್ ಹೈಟ್ಸ್ ಬಡಾವಣೆಗೆ ವಲಸೆ ಹೋದವರನ್ನು ಅಲ್ಲಿನವರು ‘ಇಂಡಿಯೊ’ ಅಂತ ನೋಡಲಿಲ್ಲ, ಕರಿಯರೆಂದೇ ನೋಡಿದರು. ಅವರ ಮಕ್ಕಳು ‘ಆಫ್ರೊ-ಲ್ಯಾಟಿನೊ’, ಅಂದರೆ ಆಫ್ರಿಕಾ ಮೂಲದ ಲ್ಯಾಟಿನ್ ಅಮೆರಿಕನ್ನರು, ಎಂಬ ಹೆಸರನ್ನು ಹೆಮ್ಮೆಯಿಂದ ಇಟ್ಟುಕೊಂಡರು. ಪ್ಯೂ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಅಮೆರಿಕದಲ್ಲಿ ಸುಮಾರು 60 ಲಕ್ಷ ವಯಸ್ಕರು ತಮ್ಮನ್ನು ಹೀಗೆ ಗುರುತಿಸಿಕೊಳ್ಳುತ್ತಾರೆ.

ಅತ್ತ ದ್ವೀಪದಲ್ಲಿ ಕಾಗದದ ಏಟು ನಿಂತಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. 1929ರಿಂದೀಚೆಗೆ ದಾಖಲೆಯಿಲ್ಲದ ವಿದೇಶಿ ತಂದೆತಾಯಿಗೆ ಹುಟ್ಟಿದವರು ಪೌರರಲ್ಲ ಎಂದಿತು. ಏಟು ಬಿದ್ದದ್ದು ಹೆಚ್ಚಾಗಿ ಕಬ್ಬಿನ ಕೂಲಿಗಳಾಗಿ ಬಂದ ಹೈಟಿಯವರ ಮಕ್ಕಳು, ಮೊಮ್ಮಕ್ಕಳ ಮೇಲೆ. 2 ಲಕ್ಷಕ್ಕೂ ಹೆಚ್ಚು ಜನರ ಪೌರತ್ವ ಅತಂತ್ರವಾಯಿತು ಎಂಬ ಅಂದಾಜಿದೆ. ಜಗತ್ತು ಟೀಕಿಸಿದ ಮೇಲೆ 2014ರಲ್ಲಿ ಬಂದ ಕಾನೂನು ಕೆಲವರಿಗೆ ದಾರಿ ತೋರಿಸಿತು. ಬಹಳ ಮಂದಿ ಇನ್ನೂ ದಾಖಲೆಗಾಗಿ ಅಲೆಯುತ್ತಿದ್ದಾರೆ. 2022ರ ನವೆಂಬರ್‌ನಲ್ಲಿ ಅಲ್ಲಿನ ಅಮೆರಿಕ ರಾಯಭಾರ ಕಚೇರಿ ತನ್ನ ಪ್ರಜೆಗಳಿಗೇ ಎಚ್ಚರಿಕೆ ಕೊಟ್ಟಿತು: ವಲಸಿಗರನ್ನು ಹಿಡಿಯುವ ಅಧಿಕಾರಿಗಳು ಕಪ್ಪು ಮೈಬಣ್ಣದ ಅಮೆರಿಕನ್ನರನ್ನೂ ತಡೆದು ಪ್ರಶ್ನಿಸುತ್ತಿದ್ದಾರೆ, ಹುಷಾರಾಗಿರಿ ಎಂದು. ಡೊಮಿನಿಕನ್ ಸರ್ಕಾರ ಆ ಆರೋಪವನ್ನು ತಳ್ಳಿಹಾಕಿತು.