ಪಿಂಚಣಿ ತಡವಾದರೆ ಜನ ದಂಗೆ ಏಳುತ್ತಾರೆಯೇ?

ಪ್ರಶ್ನೆ: ಬಡವ ಬಲ್ಲಿದರ ಅಂತರ ಹೆಚ್ಚುತ್ತಲೇ ಇದೆ. ಬಡ ವೃದ್ಧರು, ವಿಧವೆಯರು ಮೊದಲಾದವರಿಗೆ ಕೇರಳ ಸರ್ಕಾರ ಕೊಡುವ ಕ್ಷೇಮ ಪಿಂಚಣಿ ತಿಂಗಳುಗಟ್ಟಲೆ ಬಾಕಿಯಾದುದನ್ನೂ ಕಂಡೆವು. ಹೀಗೆಯೇ ಮುಂದುವರಿದರೆ ನಮ್ಮಲ್ಲಿಯೂ ಶ್ರೀಲಂಕೆಯಂತೆ ಜನ ಬೀದಿಗೆ ಇಳಿಯುತ್ತಾರೆಯೇ? (ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಓದುಗರೊಬ್ಬರು)

ಅಂತರವೊಂದರಿಂದಲೇ ದಂಗೆ ಹುಟ್ಟುವುದು ಅಪರೂಪ. ಇಲ್ಲದ್ದನ್ನು ಜನ ತಲೆಮಾರುಗಳ ಕಾಲ ತಾಳಿಕೊಂಡು ಬಂದಿದ್ದಾರೆ. ತಾಳಲಾರದ್ದು, ಕೈಗೆ ಬರುತ್ತಿದ್ದುದು ಹೇಳದೆ ಕೇಳದೆ ನಿಂತುಹೋಗುವುದನ್ನು. 1977ರ ಜನವರಿಯಲ್ಲಿ ಈಜಿಪ್ಟ್ ಸರ್ಕಾರ ಹಿಟ್ಟು, ಅಕ್ಕಿ, ಎಣ್ಣೆಗಳ ಮೇಲಿನ ಸಬ್ಸಿಡಿಯನ್ನು ಕಡಿತಗೊಳಿಸಿದಾಗ ಎರಡೇ ದಿನಗಳಲ್ಲಿ ನಗರಗಳು ಹೊತ್ತಿ ಉರಿದವು, ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. 2022ರ ಶ್ರೀಲಂಕೆಯಲ್ಲಿ ಗ್ಯಾಸ್, ಡೀಸೆಲ್, ಹಾಲಿನ ಪುಡಿಗಳಿಗಾಗಿ ಬಡವರೊಂದಿಗೆ ಮಧ್ಯಮ ವರ್ಗದವರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಜುಲೈಯಲ್ಲಿ ಅಧ್ಯಕ್ಷರು ದೇಶ ಬಿಟ್ಟು ಓಡಿದರು. ಕೊರತೆ ಎಲ್ಲರ ಮನೆ ಬಾಗಿಲಿಗೂ ಒಂದೇ ಕಾಲಕ್ಕೆ ಬಂತೆಂಬುದನ್ನು ಗಮನಿಸಬೇಕು.

ಕೇರಳದ ಪಿಂಚಣಿಯ ಕಥೆ ಹಾಗಲ್ಲ. 1980ರಲ್ಲಿ ಕೃಷಿ ಕಾರ್ಮಿಕರಿಗೆ ತಿಂಗಳಿಗೆ 45 ರೂಪಾಯಿಯಂತೆ ಆರಂಭವಾದದ್ದು 2021ರ ಹೊತ್ತಿಗೆ 1,600 ರೂಪಾಯಿಯಾಗಿ, ಅರುವತ್ತು ಲಕ್ಷದಷ್ಟು ಜನರನ್ನು ತಲುಪುತ್ತಿತ್ತು. ಅಂದರೆ ತಿಂಗಳೊಂದಕ್ಕೆ 900 ಕೋಟಿಗೂ ಮಿಕ್ಕಿದ ವೆಚ್ಚ. ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು, ಅದೂ ಅರ್ಹರೆಂದು ಗುರುತಿಸಲ್ಪಟ್ಟ ಒಂದು ಸಣ್ಣ ಭಾಗಕ್ಕೆ ಮಾತ್ರ, ಎಂಬತ್ತು ದಾಟದವರಿಗೆ 200 ರೂಪಾಯಿ. ತಿಂಗಳು ತಪ್ಪದಂತೆ ಹಂಚಲು ರಾಜ್ಯ ಸರ್ಕಾರ ಪ್ರತ್ಯೇಕ ಕಂಪೆನಿಯೊಂದನ್ನು ಸ್ಥಾಪಿಸಿ, ಅದರ ಮೂಲಕ ಸಾಲ ಎತ್ತುತ್ತಿತ್ತು. ಆ ಸಾಲವನ್ನೂ ರಾಜ್ಯದ ಸಾಲದ ಮಿತಿಯೊಳಗೇ ಲೆಕ್ಕ ಹಿಡಿಯುವುದಾಗಿ ಕೇಂದ್ರವು ಹೇಳಿದ ಮೇಲೆ ಕೈ ಬಿಗಿಯಾಯಿತು. 2023ರ ಬಜೆಟ್ಟಿನಲ್ಲಿ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದ್ದು ಇದೇ ನೆವದಲ್ಲಿ. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ಅಜ್ಜಿಯೂ ತನ್ನ ಪಿಂಚಣಿಗೆ ತಾನೇ ಒಂದಿಷ್ಟು ಕಟ್ಟಿದಂತಾಯಿತು. ಆದರೂ 2024ರ ಆರಂಭದ ಹೊತ್ತಿಗೆ ಐದಾರು ತಿಂಗಳ ಬಾಕಿ ಉಳಿದಿತ್ತು. ಸಾಲದ ಮಿತಿಯ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಸಂವಿಧಾನ ಪೀಠಕ್ಕೆ ವರ್ಗವಾಯಿತು.

ಅಷ್ಟು ಬಾಕಿಯಾದರೂ ದಂಗೆ ಏಕೆ ಆಗಲಿಲ್ಲ? ಹಣ ಪೂರ್ತಿಯಾಗಿ ನಿಲ್ಲದೆ, ಓಣಂ ಸಮಯಕ್ಕೊಂದು ಕಂತು, ವಿಷುವಿಗೊಂದು ಕಂತು ಎಂದು ಬರುತ್ತಲೇ ಇತ್ತು. ರೇಷನ್ ಅಂಗಡಿಯ ಅಕ್ಕಿ ನಿಲ್ಲಲಿಲ್ಲ. ಸಹಕಾರಿ ಬ್ಯಾಂಕಿನಿಂದ ಮನೆಗೆ ಹಣ ತರುವವರನ್ನೂ ವಾರ್ಡಿನ ಸದಸ್ಯರನ್ನೂ ಜಗಲಿಯಲ್ಲಿ ಕೂರಿಸಿ ಕೇಳಬಹುದಾಗಿತ್ತು. ಉಳಿದ ಭಾರವನ್ನು ಜಿನಸಿನಂಗಡಿಯ ಕಡದ ಪುಸ್ತಕ ಹೊತ್ತಿತು, ಅಥವಾ ಗಲ್ಫಿನಲ್ಲಿರುವ ಮಗ ಹೊತ್ತನು. ಮಗನೂ ಇಲ್ಲದ, ಕಡವೂ ಹುಟ್ಟದ ಮನೆಗಳಲ್ಲಿ ಗುಳಿಗೆಗಳನ್ನು ದಿನ ಬಿಟ್ಟು ದಿನ ನುಂಗಿರಬಹುದು. ಅದು ಯಾವ ಗಲಭೆಯ ಲೆಕ್ಕಕ್ಕೂ ಸಿಗುವುದಿಲ್ಲ.

ಈ ಕಾರಣದಿಂದ, ದಂಗೆಯ ಭಯವನ್ನೇ ಅಳತೆಗೋಲಾಗಿ ಹಿಡಿಯುವುದು ನನಗೆ ಸರಿಯೆನಿಸುವುದಿಲ್ಲ. ಪ್ರಶ್ನೆ ಕೇಳಿದವರ ಪಂಚಾಯತಿನಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಗೇರು ತೋಟಗಳ ಮೇಲೆ 2000ದವರೆಗೂ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಅದರ ವಿಷದಿಂದ ಕಾಯಿಲೆ, ಅಂಗವೈಕಲ್ಯಗಳಿಗೆ ತುತ್ತಾದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2022ರ ಮೇಯಲ್ಲಿ ವಿಷಯ ಮತ್ತೆ ಅದೇ ಕೋರ್ಟಿನ ಮುಂದೆ ಬಂದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ, ಅದೂ ಕೋರ್ಟಿನ ಮೆಟ್ಟಿಲು ಹತ್ತಿದ್ದ ಎಂಟು ಮಂದಿಗೆ! ಹಾಸಿಗೆ ಹಿಡಿದ ಮಗುವನ್ನು ಬಿಟ್ಟು ತಾಯಿ ಮೆರವಣಿಗೆಗೆ ಹೋಗುವುದು ಹೇಗೆ? 2019ರ ಜನವರಿಯ ಕೊನೆಗೆ ಈ ತಾಯಂದಿರು ಮಕ್ಕಳನ್ನು ಕರೆದುಕೊಂಡು, ರಾಜ್ಯದ ಈ ತುದಿಯಿಂದ ಆ ತುದಿಯ ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ಟಿನ ಎದುರು ಕುಳಿತರು. ಅಷ್ಟು ದೂರ ಹೋಗಬಲ್ಲವರ ಕೂಗು ಮಾತ್ರ ಕೇಳಿಸುವುದಾದರೆ, ಅಶಾಂತಿಯಿಲ್ಲದ ಊರಿನಲ್ಲಿ ನ್ಯಾಯವಿದೆಯೆಂದು ಹೇಗೆ ಹೇಳುವುದು?

2025ರ ನವೆಂಬರಿನಿಂದ ಪಿಂಚಣಿ 2,000 ರೂಪಾಯಿಯಾಗಿದೆ. ಅದು ಸ್ವಾಗತಾರ್ಹ. ಆದರೆ ಸರ್ಕಾರಿ ಸೇವೆಗಳನ್ನು ಒದಗಿಸುವ ಅಕ್ಷಯ ಕೇಂದ್ರಕ್ಕೆ ಹೋಗಿ, ಬದುಕಿದ್ದೇವೆಂದು ಬೆರಳಚ್ಚಿನ ಮೂಲಕ ದೃಢಪಡಿಸುವ ಮಸ್ಟರಿಂಗ್ ಕೂಡ ಉಳಿದಿದೆ. ಬೀಡಿ ಕಟ್ಟಿ, ಹುಲ್ಲು ಹೆರೆದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಬೀಳದಿದ್ದರೆ ಪಂಚಾಯತಿಗೆ ಜೀವಂತ ಪ್ರಮಾಣಪತ್ರ ಸಲ್ಲಿಸುವ ದಾರಿಯಿದೆಯಾದರೂ, ಅದನ್ನು ತಿಳಿಸುವ ಸೂಚನೆ ಮಲಯಾಳದಲ್ಲಿ ಮಾತ್ರ ಇದ್ದರೆ ಗಡಿಭಾಗದ ಹಿರಿಯರಿಗೆ ಅದು ಇಲ್ಲದಂತೆಯೇ. ಸರ್ಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸುವ ಹಕ್ಕು ಇಲ್ಲಿನ ಕನ್ನಡಿಗರಿಗೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿಯೇ ಇದೆ. ಕನ್ನಡದಲ್ಲಿ ಅರ್ಜಿ ಬರೆದು, ಕನ್ನಡದಲ್ಲಿ ಉತ್ತರ ಕೇಳಬಹುದು. ಅದು ತಿಳಿಯದ ಅಜ್ಜಿ ತನ್ನ ಕಾಗದದಲ್ಲಿಯೇ ಏನೋ ತಪ್ಪಿದೆಯೆಂದುಕೊಂಡು, ಮುಂದಿನ ವಾರ ಮತ್ತೆ ಬಸ್ಸು ಹತ್ತಿ ಅದೇ ಅಕ್ಷಯಕ್ಕೆ ಹೋಗುತ್ತಾಳೆ.