ಪಕ್ಕದ ಮನೆಯ ಮೋದಕ, ಪಕ್ಕದಲ್ಲಿ ಕೂತವನ ಮನಸ್ಸಾಕ್ಷಿ

ಗಣೇಶ ಚೌತಿ ಬಂತು ಅಂದರೆ ನನ್ನ ಫೋನ್‌ಗೆ ಬಿಡುವೇ ಇರುವುದಿಲ್ಲ. "ಅಯ್ಯನವರೇ, ಪಕ್ಕದ ಮನೆಯವರು ಮೋದಕ ತಂದುಕೊಟ್ಟಿದ್ದಾರೆ. ತಿನ್ನಬಹುದಾ?" ಭಾಂಡುಪ್‌ನಿಂದ ಒಬ್ಬರು ಕೇಳುತ್ತಾರೆ, ಡೊಂಬಿವಲಿಯಿಂದ ಇನ್ನೊಬ್ಬರು. ಮುಂಬೈಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಪಾಸ್ಟರ್ ಆಗಿ 22 ವರ್ಷ ಸೇವೆ ಮಾಡಿದ್ದೇನೆ. ಗಣಪತಿಗೆ ನೈವೇದ್ಯ ಮಾಡಿದ್ದನ್ನು ಕ್ರೈಸ್ತರು ತಿನ್ನಬಹುದಾ ಅನ್ನುವುದು ಅವರ ಸಂಶಯ. ಈ ಪ್ರಶ್ನೆ ಒಂದು ವರ್ಷವೂ ತಪ್ಪಿಲ್ಲ. ಮೊದಮೊದಲು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದೆ. ಈಗ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ: "ನಿಮ್ಮ ಜೊತೆ ಊಟಕ್ಕೆ ಯಾರು ಕೂರುತ್ತಾರೆ?"

ಯೇಸುವಿನ ಅಪೊಸ್ತಲನಾದ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಯವರಿಗೆ ಬೈಬಲ್‌ನಲ್ಲಿರುವ ಮೊದಲ ಪತ್ರ ಬರೆದದ್ದು ಸುಮಾರು ಕ್ರಿ.ಶ. 55ರಲ್ಲಿ. ಆ ಊರೂ ನಮ್ಮ ಮುಂಬೈ ಹಾಗೇ. ಬಂದರು, ವ್ಯಾಪಾರ, ಹೊಟ್ಟೆಪಾಡಿಗೆ ಎಲ್ಲೆಲ್ಲಿಂದಲೋ ಬಂದ ಜನ. ಗುಡಿಯಲ್ಲಿ ಬಲಿ ಕೊಟ್ಟ ಪ್ರಾಣಿಯ ಮಾಂಸ ಪೇಟೆಯ ಅಂಗಡಿಗೂ ಬರುತ್ತಿತ್ತು. ಗುಡಿಯ ಆವರಣದಲ್ಲೇ ಊಟದ ಕೋಣೆಗಳೂ ಇದ್ದವು. ಅಲ್ಲಿನ ಅಸ್ಕ್ಲೇಪಿಯಸ್ ದೇವರ ಗುಡಿಯಲ್ಲಿ ಅಂಥ ಕೋಣೆಗಳು ಅಗೆತದಲ್ಲಿ ಸಿಕ್ಕಿವೆ. ಅಲ್ಲಿನ ಹೊಸ ವಿಶ್ವಾಸಿಗಳಿಗೆ ಇದೇ ತಲೆನೋವು: ಈ ಊಟ ಮಾಡಬಹುದಾ? ನಮ್ಮ ಕನ್ನಡ ಬೈಬಲ್ ಇಲ್ಲಿ 'ನೈವೇದ್ಯ' ಅನ್ನುವ ಪದವನ್ನೇ ಬಳಸುತ್ತದೆ. ಎಷ್ಟೋ ದೇಶಗಳಲ್ಲಿ ಈ ಅಧ್ಯಾಯ ಓದುವವರು ಅದನ್ನು ಹಳೆಯ ಕಾಲದ ಸಂಗತಿ ಅಂದುಕೊಂಡು ಮುಂದೆ ಹೋಗಬಹುದು. ನಮಗೆ ಹಾಗೆ ಆಗುವುದಿಲ್ಲ. ನಮ್ಮಲ್ಲಿ ಆ ನೈವೇದ್ಯ ಸ್ಟೀಲ್ ಡಬ್ಬಿಯಲ್ಲಿ, ಇನ್ನೂ ಬಿಸಿ ಇರುವಾಗಲೇ, ಬಾಗಿಲಿಗೆ ಬರುತ್ತದೆ.

ಪೌಲನು ಮೂರು ಜಾಗಗಳನ್ನು ಬೇರೆ ಬೇರೆ ಮಾಡಿ ನೋಡಿದ. ಗುಡಿಯ ಪೂಜೆಯ ಊಟದಲ್ಲಿ ಪಾಲು ತೆಗೆದುಕೊಳ್ಳಬೇಡಿ, ಕರ್ತನ ಮೇಜಿನಲ್ಲೂ ಅಲ್ಲೂ ಒಟ್ಟಿಗೆ ಕೂರಲಾಗದು ಅಂದ. ಪೇಟೆಯಲ್ಲಿ ಮಾರುವುದನ್ನು ಏನೂ ವಿಚಾರಿಸದೆ ಕೊಂಡು ತಿನ್ನಿ ಅಂದ. ಬೇರೆಯವರು ಮನೆಗೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಯಾರಾದರೂ ಇದು ನೈವೇದ್ಯದ್ದು ಅಂತ ಹೇಳಿದರೆ ಬಿಟ್ಟುಬಿಡಿ ಅಂದ. ಬಿಡುವುದು ಯಾಕೆ? ಊಟ ಕೆಟ್ಟದ್ದು ಅಂತ ಅಲ್ಲ. ಹೇಳಿದವನ ಮನಸ್ಸಾಕ್ಷಿಗಾಗಿ. ಅಷ್ಟೇ.

ನಮ್ಮ ಊರಿನ ಲೆಕ್ಕದಲ್ಲಿ ಇದು ಕಷ್ಟವೇನಲ್ಲ. ಮಿಠಾಯಿ ಅಂಗಡಿಯವನು ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿಯೇ ಬೋಣಿ ಮಾಡುತ್ತಾನೆ. ಅವನ ಹತ್ತಿರ ಅರ್ಧ ಕಿಲೋ ಪೇಡೆ ಕೊಳ್ಳಲು ಹಿಂದೆಮುಂದೆ ನೋಡಬೇಕಿಲ್ಲ. ಆರತಿಯ ಸಾಲಿನಲ್ಲಿ ನಿಲ್ಲುವುದು ಬೇರೆ ಮಾತು. ಅಲ್ಲಿ ನಾನು ನಿಲ್ಲುವುದಿಲ್ಲ, ನಿಲ್ಲಿ ಅಂತ ಯಾರಿಗೂ ಹೇಳುವುದಿಲ್ಲ. ನೆರೆಯವರಿಗೆ ಇದನ್ನು ಪ್ರೀತಿಯಿಂದ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಕಷ್ಟ ಇರುವುದು ಇವೆರಡರ ನಡುವೆ.

ನಮ್ಮ ಸಭೆಯಲ್ಲಿ ಎರಡು ಬಗೆಯ ಜನ ಇದ್ದಾರೆ. ಒಂದು, ಕರಾವಳಿಯ ಹಳೆಯ ಕುಟುಂಬಗಳು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರಲ್ಲ, ಅಲ್ಲಿಂದ ಮುಂದೆ ನಾಲ್ಕೈದು ತಲೆಮಾರಿನ ಕ್ರೈಸ್ತರು. ಇವರಿಗೆ ಮೋದಕ ಅಂದರೆ ಬೆಲ್ಲ, ಕೊಬ್ಬರಿ, ಅಕ್ಕಿಹಿಟ್ಟು. ಇನ್ನೊಂದು, ಬೀದರ್, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದು, ಇಲ್ಲೇ ನಂಬಿಕೆಗೆ ಬಂದವರು. ಮೊನ್ನೆ ಮೊನ್ನೆಯವರೆಗೂ ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ತಿಂದವರು. ಇವರಿಗೆ ಅದು ಬರೀ ಬೆಲ್ಲ ಅಲ್ಲ.

ಬಹಳ ವರ್ಷದ ಹಿಂದಿನ ಮಾತು. ಸಭೆಯ ಹಿರಿಯರೊಬ್ಬರು ತಮ್ಮ ಸೊಸೈಟಿಯ ಗಣೇಶೋತ್ಸವದ ಊಟಕ್ಕೆ ಹೋದರು. ಅವರ ಲೆಕ್ಕದಲ್ಲಿ ಅದು ನೆರೆಹೊರೆಯ ಊಟ. ಜೊತೆಗೆ ಬೀದರ್ ಕಡೆಯ ಒಬ್ಬ ಸಹೋದರ ಇದ್ದ. ದೀಕ್ಷಾಸ್ನಾನವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಊರಲ್ಲಿ ಅವನ ಮನೆತನವೇ ಜಾತ್ರೆಯ ಪಲ್ಲಕ್ಕಿ ಹೊರುತ್ತಿತ್ತು. ಹಿರಿಯರು ತಟ್ಟೆ ಹಿಡಿದರು, ಅವನೂ ಹಿಡಿದ. ಬೇಡ ಅನ್ನಲು ಸಂಕೋಚ. ಅವರೇ ತಿನ್ನುವಾಗ ನನ್ನದೇನು ಅಂತ ತಿಂದ. ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಬಿಟ್ಟು ಬಂದ ದೇವರಿಗೆ ಮತ್ತೆ ಕೈಮುಗಿದ ಹಾಗಾಯಿತು, ಯೇಸುವಿಗೆ ಮೋಸ ಮಾಡಿದೆ ಅನ್ನಿಸಿತಂತೆ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ನಾನು ಅವನಿದ್ದ ಚಾಳ್‌ಗೆ ಹುಡುಕಿಕೊಂಡು ಹೋದೆ. ಹೋಗಿ ಏನು ಮಾಡಿದೆ? ಬೈಬಲ್ ತೆಗೆದು, ವಿಗ್ರಹ ಏನೂ ಅಲ್ಲ, ದೇವರು ಒಬ್ಬನೇ ಅನ್ನುವ ವಚನ ಓದಿದೆ. ನೀನು ತಿಂದದ್ದು ತಪ್ಪೇ ಅಲ್ಲ ಅಂತ ವಿವರಿಸಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಮೂರು ತಿಂಗಳು ಸಭೆಯ ಕಡೆ ತಲೆ ಹಾಕಲಿಲ್ಲ.

ನನ್ನ ತಪ್ಪು ನನಗೆ ತಡವಾಗಿ ತಿಳಿಯಿತು. ನಾನು ಓದಿದ ವಚನ ಇರುವ ಅಧ್ಯಾಯದಲ್ಲೇ ಪೌಲ ಹೇಳುತ್ತಾನೆ: ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ. ಈ ತಿಳಿವಳಿಕೆ ಎಲ್ಲರಲ್ಲೂ ಇಲ್ಲ ಅಂತಲೂ ಅಲ್ಲೇ ಹೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಇನ್ನೂ ಬಿಗಿಯಾಗಿ ಹೇಳಿದ್ದಾನೆ. ಯಾವ ಪದಾರ್ಥವೂ ತನ್ನಷ್ಟಕ್ಕೆ ಅಶುದ್ಧವಲ್ಲ, ಆದರೆ ಅಶುದ್ಧ ಅಂತ ಎಣಿಸುವವನಿಗೆ ಅದು ಅಶುದ್ಧವೇ. ಸಂಶಯಪಟ್ಟು ತಿಂದವನು ಅಪರಾಧಿ. ಅಂದರೆ ಆ ಸಹೋದರನ ಮಟ್ಟಿಗೆ ಅದು ನಿಜವಾಗಿಯೂ ತಪ್ಪೇ ಆಗಿತ್ತು. ಮನಸ್ಸು ಬೇಡ ಬೇಡ ಅನ್ನುವಾಗ ಕೈ ಮುಂದೆ ಹೋಯಿತಲ್ಲ, ಅದೇ ತಪ್ಪು. ಅವನು ನನಗಿಂತ ಸರಿಯಾಗಿ ತಿಳಿದುಕೊಂಡಿದ್ದ. ನಾನು ಅವನ ನೋವನ್ನು ಕೇಳದೆ ಪಾಠ ಮಾಡಿ ಬಂದೆ.

ಮನಸ್ಸಾಕ್ಷಿ ವಾದಕ್ಕೆ ಬಗ್ಗುವುದಿಲ್ಲ. ಅದು ನಿಧಾನವಾಗಿ, ಒಳ್ಳೆಯ ಸಹವಾಸದಲ್ಲಿ ಬಲವಾಗುತ್ತದೆ. 1522ರ ಮಾರ್ಚ್‌ನಲ್ಲಿ ಸಭೆಯ ಸುಧಾರಕ ಮಾರ್ಟಿನ್ ಲೂಥರ್ ಜರ್ಮನಿಯ ತನ್ನ ಊರು ವಿಟೆನ್‌ಬರ್ಗ್‌ಗೆ ವಾಪಸ್ ಬಂದಾಗ ಜೊತೆಗಾರರು ಆರಾಧನೆಯ ಪದ್ಧತಿಗಳನ್ನು ಅವಸರದಿಂದ ಬದಲಿಸಿಬಿಟ್ಟಿದ್ದರು. ಅದರಲ್ಲಿ ಬಹಳಷ್ಟು ಅವನಿಗೂ ಬೇಕಾದದ್ದೇ. ಆದರೂ ಎಂಟು ದಿನ ದಿನಕ್ಕೊಂದು ಪ್ರಸಂಗ ಮಾಡಿ ತಡೆದ. ತಾಯಿ ಮಗುವಿಗೆ ಮೊದಲು ಹಾಲು ಕೊಡುತ್ತಾಳೆ, ಗಟ್ಟಿ ಊಟ ಆಮೇಲೆ ಅಂದ.

ಇಷ್ಟು ಹೇಳಿದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಸಭೆಯಲ್ಲಿ ಯಾರಿಗೆ ಏನು ಹಿಡಿಸದಿದ್ದರೂ "ನನಗೆ ಎಡವುಗಲ್ಲಾಯಿತು", ಅಂದರೆ ನನ್ನ ನಂಬಿಕೆ ಎಡವಿತು, ಅನ್ನುವ ಮಾತು ಬರುತ್ತದೆ. ಒಬ್ಬ ಹುಡುಗಿ ಬಿಂದಿ ಇಟ್ಟುಕೊಂಡು ಆರಾಧನೆಗೆ ಬಂದಳು ಅಂತ ಹಿರಿಯ ತಾಯಿಯೊಬ್ಬರು ನನ್ನ ಹತ್ತಿರ ದೂರಿದರು. ನಾನು ಕೇಳಿದೆ: "ಅವಳನ್ನು ನೋಡಿ ನಿಮಗೂ ಇಟ್ಟುಕೊಳ್ಳಬೇಕು ಅನ್ನಿಸಿತಾ ಅಮ್ಮಾ?" "ಛೇ, ನಾನ್ಯಾಕೆ ಇಟ್ಟುಕೊಳ್ಳಲಿ!" ಹಾಗಾದರೆ ಅವರು ಎಡವಿಲ್ಲ. ಅವರಿಗೆ ಹಿಡಿಸಲಿಲ್ಲ, ಅಷ್ಟೇ. ಬಲಹೀನರಿಗೆ ಎಡವುಗಲ್ಲಾಗಬೇಡಿ ಅಂದಾಗ ಪೌಲನು ಬಲಹೀನ ಅಂದದ್ದು, ನಿನ್ನನ್ನು ನೋಡಿ ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆದುಬಿಡುವವನನ್ನು. ನಿನ್ನ ಮೇಲೆ ಸಿಟ್ಟಾಗುವವನನ್ನಲ್ಲ. ಈ ಎರಡನ್ನು ಕಲಸಿಬಿಟ್ಟರೆ ಸಭೆಯಲ್ಲಿ ಜೋರು ದನಿ ಇರುವವರ ಇಷ್ಟವೇ ಕಾನೂನಾಗುತ್ತದೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಮಾತು ಇಬ್ಬರಿಗೂ ಇದೆ, ಅಲ್ವಾ? ಪೌಲ ತಾನೇ ತನ್ನ ಜೊತೆಗೆಲಸದ ತಿಮೊಥೆಯನಿಗೆ ಸುನ್ನತಿ ಮಾಡಿಸಿದ, ಯೆಹೂದ್ಯರ ನಡುವೆ ಕೆಲಸಕ್ಕೆ ಅಡ್ಡಿ ಬರಬಾರದು ಅಂತ. ಇನ್ನೊಬ್ಬ ಜೊತೆಗಾರ ತೀತನಿಗೆ ಮಾಡಿಸಲು ಒಪ್ಪಲಿಲ್ಲ, ಅಲ್ಲಿ ಅದನ್ನು ರಕ್ಷಣೆಯ ಷರತ್ತಾಗಿ ಕೇಳುತ್ತಿದ್ದರು. ಪ್ರೀತಿಯಿಂದ ಬಿಟ್ಟುಕೊಡಬಹುದು, ಬಲವಂತಕ್ಕೆ ಬಿಟ್ಟುಕೊಡಬಾರದು.

ಇದನ್ನು ಬದುಕಿ ತೋರಿಸಿದವರಲ್ಲಿ ನನಗೆ ಪಂಡಿತಾ ರಮಾಬಾಯಿ ಬಹಳ ಹತ್ತಿರ. ಹುಟ್ಟಿದ್ದು 1858ರಲ್ಲಿ, ಬ್ರಾಹ್ಮಣ ಮನೆತನದಲ್ಲಿ, ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಪಡೆದ ಮೇಲೂ ಸಸ್ಯಾಹಾರ ಬಿಡಲಿಲ್ಲ. ಮೊಟ್ಟೆ ಹಾಕಿದ್ದನ್ನೂ ಮುಟ್ಟಲಿಲ್ಲ. ಇದು ಜಾತಿಯ ಅಹಂಕಾರ ಅಂತ ಅಲ್ಲಿ ಅವರಿಗೆ ದಾರಿ ತೋರಿಸುತ್ತಿದ್ದ ಕ್ರೈಸ್ತ ಸಹೋದರಿಯೇ ಆಕ್ಷೇಪಿಸಿದರು. ರಮಾಬಾಯಿ ಮಣಿಯಲಿಲ್ಲ. ತಿನ್ನುವುದಕ್ಕೆ ಸ್ವಾತಂತ್ರ್ಯ ಇರುವ ಹಾಗೆ ತಿನ್ನದಿರುವುದಕ್ಕೂ ಇದೆ ಅನ್ನುವುದನ್ನು ನಾವು ಮರೆಯುತ್ತೇವೆ. ಮುಂದೆ 1889ರಲ್ಲಿ ಅವರು ಇದೇ ಮುಂಬೈಯಲ್ಲಿ ಶಾರದಾ ಸದನ ಅನ್ನುವ ವಿಧವೆಯರ ವಸತಿ ಶಾಲೆ ತೆರೆದರು, ಮರುವರ್ಷ ಅದು ಪುಣೆಗೆ ಹೋಯಿತು. ಅಲ್ಲಿ ಬಂದು ಸೇರಿದ ಬ್ರಾಹ್ಮಣ ವಿಧವೆಯರಿಗೆ ತಮ್ಮ ಮಡಿ, ಅಡುಗೆಯ ಕಟ್ಟುಪಾಡು ಉಳಿಸಿಕೊಳ್ಳಲು ಅವಕಾಶ ಇತ್ತು. ರಮಾಬಾಯಿ ತಮ್ಮ ನಂಬಿಕೆ ಮುಚ್ಚಿಡಲಿಲ್ಲ. ಆದರೆ ಆ ಹೆಣ್ಣುಮಕ್ಕಳ ತಟ್ಟೆಗೆ ಕೈ ಹಾಕಲೂ ಇಲ್ಲ.

ಬಿಟ್ಟುಕೊಡುವುದರಲ್ಲೂ ಒಂದು ರೀತಿ ಇದೆ. ನಮ್ಮ ಸಭೆಯ ಕುಟುಂಬವೊಂದರ ಮದುವೆ ಮಡಗಾಂವ್‌ನಲ್ಲಿ ಆಯಿತು. ಗೋವಾದ ಬೀಗರು, ಮೇಜಿನ ಮೇಲೆ ದ್ರಾಕ್ಷಾರಸ ಸಹಜ. ನಮ್ಮ ಮೇಜಿನಲ್ಲಿ ಕುಡಿತ ಬಿಟ್ಟು ನಾಲ್ಕು ವರ್ಷವಾದ ಒಬ್ಬ ತಮ್ಮ ಕೂತಿದ್ದ. ಹುಡುಗಿಯ ಚಿಕ್ಕಪ್ಪ ಅದನ್ನು ಗಮನಿಸಿದರು. ಸುಮ್ನೆ ಎದ್ದು ಹೋಗಿ, ಆ ಮೇಜಿಗೆಲ್ಲ ಕೋಕಂ ಶರಬತ್ತು ಹಾಕಿಸಿದರು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. "ನಿನಗೋಸ್ಕರ ಬಿಟ್ಟೆವು ನೋಡು" ಅಂದಿದ್ದರೆ ಅವನು ಅಲ್ಲೇ ಕುಸಿದು ಹೋಗುತ್ತಿದ್ದ. ಹೇಳಿ ತೋರಿಸಿದ ತ್ಯಾಗ ಎದುರಿನವನ ಮೇಲೆ ಸಾಲದ ಹಾಗೆ ಕೂರುತ್ತದೆ.

ಆ ಬೀದರ್ ಸಹೋದರ ವಾಪಸ್ ಬಂದ. ಕರೆದುಕೊಂಡು ಬಂದದ್ದು ನಾನಲ್ಲ, ಅದೇ ಹಿರಿಯರು. ಅವನ ಮನೆಗೆ ಹೋಗಿ, "ನಿನ್ನನ್ನು ನೋಡದೆ ತಿಂದೆ, ಕ್ಷಮಿಸು" ಅಂದರಂತೆ. ವಚನ ಯಾವುದನ್ನೂ ಓದಲಿಲ್ಲವಂತೆ.

ಹೋದ ಚೌತಿಗೆ ನಾನು ಆ ಹಿರಿಯರ ಮನೆಯಲ್ಲಿದ್ದೆ. ಅವನೂ ಬಂದಿದ್ದ. ಎದುರು ಮನೆಯ ಮರಾಠಿ ತಾಯಿ ಡಬ್ಬಿ ಹಿಡಿದು ಬಂದರು, "ಬಪ್ಪಾನ ಪ್ರಸಾದ" ಅಂದರು. ಹಿರಿಯರು ಎರಡೂ ಕೈಯಲ್ಲಿ ತೆಗೆದುಕೊಂಡು, ಮನೆಯವರನ್ನೆಲ್ಲ ವಿಚಾರಿಸಿ ಕಳಿಸಿದರು. ಡಬ್ಬಿಯನ್ನು ಒಳಗಿಟ್ಟು ಬಂದು ಚಹಾ ಮಾಡಲು ಹೇಳಿದರು. ನಮ್ಮ ಮಾತು ಮುಂದುವರಿಯಿತು.

ಮೆಟ್ಟಿಲು ಇಳಿಯುವಾಗ ಅವನೇ ಆ ಮಾತು ತೆಗೆದ. "ಅದ್ರಾಗ ಬೆಲ್ಲ ಕೊಬ್ಬರಿನೇ ಅದ ಅಂತ ಈಗ ನನಗೂ ಗೊತ್ತದರಿ ಅಯ್ಯನವರ. ಆದ್ರ ಕೈ ಮುಂದ ಹೋಗವಲ್ದು."

"ಹೋಗದಿದ್ದರೆ ಬೇಡ ಬಿಡು" ಅಂದೆ. ಇಬ್ಬರೂ ಸ್ಟೇಷನ್ ಕಡೆ ನಡೆದೆವು.